ಬ್ಯಾರನ್ ಪಕ್ಕದ ಗೋಡೆ

ಮೊನ್ನೆ ಗೌರಿ ಹಬ್ಬದ ಹಿಂದಿನ ದಿನ ನಾದಿನಿಗೆ ಬಾಗಿನ ಕೊಡಲು ಹೊರಟಿದ್ದೆ. ಬಿಳಿಕೆರೆಯಲ್ಲಿ ಇಳಿದು ಕೆ.ಆರ್. ನಗರದ ಬಸ್ಸಿಗೆ ಕಾಯಬೇಕು. ಜಿಟಿಜಿಟಿ ಮಳೆ. ಮೊರ ನೆನೆಯದ ಹಾಗೆ ಸೆರಗು ಹೊದಿಸಿ, ಎದೆಗೆ ಅವಚಿಕೊಂಡು ಅಂಗಡಿಯೊಂದರ ಸೂರಿನ ಕೆಳಗೆ ನಿಂತಿದ್ದೆ. ಹಿಂದಿನ ಹೊಲದ ಕಡೆಯಿಂದ ಗಾಳಿ ತಿರುಗಿತು ನೋಡಿ, ಆ ವಾಸನೆ ಬಂತು. ಹೊಗೆಸೊಪ್ಪು ಬೇಯುವ ವಾಸನೆ. ಬೀಡಿ ಸೇದುವವರು ಪಕ್ಕ ಬಂದರೆ ಮುಖ ತಿರುಗಿಸುವ ನಾನು ಈ ವಾಸನೆಗೆ ಮಾತ್ರ ಮೂಗು ಅರಳಿಸಿಕೊಂಡು ನಿಲ್ಲುತ್ತೇನೆ. ಪಾಕ ಏರುತ್ತಿರುವ ಬೆಲ್ಲದ ಹಾಗಿರುತ್ತದೆ ಅದು. ತಣ್ಣನೆ ಗಾಳಿಯಲ್ಲಿ ನಿಂತಿದ್ದರೂ ನನಗೆ ಬೆನ್ನು ಬೆಚ್ಚಗಾದಂತೆ ಅನ್ನಿಸಿತು. ನಮ್ಮ ಮನೆಯಲ್ಲಿ ಒಂದು ಗೋಡೆಯನ್ನು ಒಣಗಿಸಲು ಹೆಣಗಾಡಿದ ಆ ಮಳೆಗಾಲ ಹಾಗೆಯೇ ಕಣ್ಣ ಮುಂದೆ ಬಂತು.

ನಮ್ಮೂರು ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ. ಅಲ್ಲಿ ಹೊಗೆಸೊಪ್ಪು ಬೆಳೆಯುವ ಪ್ರತಿ ಮನೆಗೂ ಒಂದು ಬ್ಯಾರನ್ ಇರುತ್ತದೆ, ಸೊಪ್ಪನ್ನು ಸಾಲುಸಾಲಾಗಿ ನೇತುಹಾಕಿ ಕೆಳಗಿನಿಂದ ಕಾವು ಕೊಟ್ಟು ಹದ ಮಾಡುವ ಎತ್ತರದ ಇಟ್ಟಿಗೆ ಗೂಡು. ಬೇರೆಯವರ ಬ್ಯಾರನ್ ಮನೆಯಿಂದ ನಾಲ್ಕು ಮಾರು ದೂರ ಇರುತ್ತದೆ. ನಮ್ಮ ಮಾವನವರು ಇಟ್ಟಿಗೆ ಉಳಿಸಲು ಹೋಗಿ ಮನೆಯ ಹಿಂದಿನ ಗೋಡೆಗೇ ಅಂಟಿಸಿ ಕಟ್ಟಿಬಿಟ್ಟರು. ನಾಲ್ಕು ಗೋಡೆ ಕಟ್ಟುವ ಜಾಗದಲ್ಲಿ ಮೂರರಲ್ಲೇ ಮುಗಿಸಿದ ಜಾಣ್ಮೆಯನ್ನು ಅವರು ಬದುಕಿರುವಷ್ಟು ಕಾಲ ಬಂದವರಿಗೆಲ್ಲ ಹೇಳಿಕೊಂಡರಂತೆ.

ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಹಿಂದಿನ ಕೋಣೆ ಅತ್ತೆಯದಾಗಿತ್ತು. ಮಳೆಗಾಲದ ಮೂರು ತಿಂಗಳು ಆ ಕಡೆ ಬ್ಯಾರನ್ ಉರಿಯುತ್ತಿದ್ದರೆ ಈ ಕಡೆ ಗೋಡೆ ದೋಸೆ ತೆಗೆದಿಟ್ಟ ಕಾವಲಿಯಷ್ಟು ಬೆಚ್ಚಗೆ. ಹೊಲದಿಂದ ನೆನೆದು ಬಂದ ಅತ್ತೆ ಸೀರೆ ಬದಲಾಯಿಸಿ, ಕಾಲು ನೀಡಿ, ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಮುಗಿಯಿತು. "ಬಾರವ್ವ, ನೀನೂ ವಸಿ ಬೆನ್ನು ಕಾಯಿಸ್ಕೊ" ಎಂದು ನನ್ನನ್ನೂ ಕರೆಯುತ್ತಿದ್ದರು. ನಾದಿನಿ ಪುಟ್ಟಿ ಆಗಿನ್ನೂ ಹೈಸ್ಕೂಲು. ಅವಳು ಅಮ್ಮನ ತೊಡೆಯ ಮೇಲೆ ತಲೆ ಇಟ್ಟು, ಪಾದಗಳನ್ನು ಗೋಡೆಗೆ ಒತ್ತಿಕೊಂಡು ಓದುತ್ತಿದ್ದಳು. ಅತ್ತೆ ಸೊಸೆ ಜಗಳ ನಮ್ಮಲ್ಲೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಗೋಡೆಯ ಹತ್ತಿರ ಕೂತು ನಾವು ಜಗಳ ಆಡಿದ್ದು ನೆನಪಿಲ್ಲ.

ಅತ್ತೆ ತೀರಿಕೊಂಡದ್ದೂ ಸೊಪ್ಪು ಬೇಯುವ ದಿನಗಳಲ್ಲೇ. ಬ್ಯಾರನ್ ತುಂಬ ಸೊಪ್ಪಿತ್ತು, ಬೆಂಕಿ ನೋಡುವವರು ಯಾರೂ ಇರಲಿಲ್ಲ, ಎಲ್ಲ ಕಪ್ಪಾಗಿ ಹೋಯಿತು. ತಿಥಿ ಮುಗಿದ ಮೇಲೆ ನಮ್ಮವರು ಆ ಸೊಪ್ಪನ್ನು ತಿಪ್ಪೆಗೆ ಸುರಿದು, ಬ್ಯಾರನ್ನಿಗೆ ಬೀಗ ಜಡಿದು, "ಇನ್ನು ನಂಗೆ ಆಗಕಿಲ್ಲ" ಎಂದರು. ಜೋಳ, ಶುಂಠಿ ಅಂತ ಬೇಸಾಯ ಬದಲಾಯಿತು. ಬ್ಯಾರನ್ ಗೊಬ್ಬರದ ಚೀಲ ಇಡುವ ಕೋಣೆಯಾಯಿತು. ಮರುವರ್ಷವೇ ಪುಟ್ಟಿಯ ಮದುವೆ ಮಾಡಿ ಚುಂಚನಕಟ್ಟೆ ಹತ್ತಿರದ ಗದ್ದೆ ಸೀಮೆಗೆ ಕಳಿಸಿಕೊಟ್ಟೆವು.

ಗೋಡೆ ಕೆಟ್ಟದ್ದು ಆಮೇಲೆ. ಮೊದಲ ಮಳೆಗಾಲ ಪಾದದೆತ್ತರಕ್ಕೆ ಒಂದು ಕಪ್ಪು ಗೆರೆ. ಮುಂದಿನ ವರ್ಷ ಮೊಣಕಾಲಿನ ತನಕ. ಸುಣ್ಣ ಪದರು ಪದರಾಗಿ ಉದುರಿ, ಒಳಗಿನಿಂದ ಬಿಳಿ ಉಪ್ಪಿನ ಪುಡಿ. ನಮ್ಮವರು ಹಳೇ ಗಾರೆ ಕಿತ್ತು ಸೊಂಟದೆತ್ತರ ಗಟ್ಟಿಯಾಗಿ ಸಿಮೆಂಟು ಮೆತ್ತಿಸಿದರು. ಅದರ ಮೇಲೆ ನೀರು ತಡೆಯುವ ಬಣ್ಣ ಬಳಿಸಿದರು. ಬಣ್ಣ ಆರಿಸಿದವಳು ನಾನೇ, ತಿಳಿ ಹಸಿರು. ಒಂದು ವರ್ಷ ಚೆನ್ನಾಗಿತ್ತು. ಅದರ ಮರುವರ್ಷ ನೋಡಿದರೆ ತೇವ ಸಿಮೆಂಟಿನ ಬೆನ್ನ ಹಿಂದೆಯೇ ಹತ್ತಿಕೊಂಡು ಹೋಗಿ ಭುಜದೆತ್ತರದಲ್ಲಿ ಹೊರಗೆ ಬಂದಿತ್ತು. ಕೋಣೆಗೆ ಹೋದರೆ ಹಳೇ ಗೋಣಿಚೀಲದ ನಾತ. ನಾವು ಬಾಗಿಲು ಮುಚ್ಚಿ ಆ ಕೋಣೆಯನ್ನು ಮರೆತೆವು.

ಹಾಗೆ ಮರೆತು ಕೂತಿರುವಾಗ ಪುಟ್ಟಿ ಬಸುರಿಯಾದಳು.

ಚೊಚ್ಚಲ ಬಾಣಂತನ ತವರಿನದು. ತಾಯಿ ಇಲ್ಲದ ಹುಡುಗಿಗೆ ತವರು ಎಂದರೆ ನಾನು. ಮನೆಯಲ್ಲಿ ಬಾಣಂತಿಗೆ ಕೊಡಬಹುದಾದ ಕೋಣೆ ಅದೊಂದೇ. ಮುಂದಿನದು ಹಜಾರ, ಇನ್ನೊಂದು ಅಡುಗೆಮನೆಗೆ ಅಂಟಿದ, ಕಿಟಕಿಯೇ ಇಲ್ಲದ ಕೋಣೆ. ಆಷಾಢ ಕಳೆಯುವ ಹೊತ್ತಿಗೆ ಪುಟ್ಟಿಗೆ ಏಳು ತಿಂಗಳು ತುಂಬುತ್ತಿತ್ತು. ಅವಳ ಅತ್ತೆ ಸಾಕಮ್ಮನವರು ಅವಳನ್ನು ಕರೆದುಕೊಂಡು ಒಂದು ದಿನಕ್ಕೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಬಾಣಂತಿ ಕೋಣೆ ಯಾವ್ದವ್ವ?" ಎಂದರು. ತೋರಿಸದೆ ವಿಧಿ ಇರಲಿಲ್ಲ. ಅವರು ಸುತ್ತ ನೋಡಲಿಲ್ಲ, ನೇರ ಹೋಗಿ ಗೋಡೆಗೆ ಅಂಗೈ ಇಟ್ಟರು. ಆ ಕೈಯನ್ನು ತಿರುಗಿಸಿ ನನಗೆ ತೋರಿಸಿದರು. ಒದ್ದೆ.

"ನಾನು ತಪ್ಪು ತಿಳ್ಕೊಂಡು ಏಳ್ತಿಲ್ಲ ಕಣವ್ವ. ನಿನ್ನ ಮನಸ್ಸು ನಂಗೊತ್ತು. ಆದ್ರೆ ಈ ತೇವಕ್ಕೆ ಅಸಗೂಸು ತಡೀತದಾ? ಒಂಬತ್ತು ತುಂಬೋದ್ರೊಳ್ಗೆ ಗೋಡೆ ಒಣಗಿದ್ರೆ ನಾನೇ ತಂದು ಬುಟ್ಟೋಯ್ತೀನಿ. ಇಲ್ದಿದ್ರೆ ಬಾಣಂತನ ನಮ್ಮಲ್ಲೇ ಆಗ್ಲಿ."

ಒಂದು ಮಾತೂ ತಪ್ಪಿರಲಿಲ್ಲ. ಅದೇ ನನಗೆ ಸಿಟ್ಟು. ನಾನು ಅಂಗನವಾಡಿ ಕಾರ್ಯಕರ್ತೆ. ಊರಿನ ಬಾಣಂತಿಯರ ಮನೆಗೆಲ್ಲ ಹೋಗಿ ಕೋಣೆ ಬೆಚ್ಚಗಿರಲಿ, ಗಾಳಿ ಬೆಳಕು ಆಡಲಿ ಎಂದು ಭಾಷಣ ಬಿಗಿಯುವವಳು. ನನ್ನ ಭಾಷಣವನ್ನು ನನಗೇ ಯಾರೋ ತಿರುಗಿಸಿ ಹೇಳಿದಂತಾಯಿತು. ಪುಟ್ಟಿ ಎರಡು ದಿನ ಬಿಟ್ಟು ಫೋನು ಮಾಡಿದಳು. "ಅತ್ತಿಗೆ, ಇಲ್ಲಿ ನನ್ನ ಚೆನ್ನಾಗೇ ನೋಡ್ಕತಾರೆ. ನೀವು ಸುಮ್ನೆ ಒದ್ದಾಡ್ಬೇಡಿ." ಆಮೇಲೆ, "ಆದ್ರೂ ಅವ್ವನ ಕೋಣೇಲಿ ಮಲಿಕ್ಕೋಬೇಕು ಅಂತ ಆಸೆ" ಎಂದು ಫೋನಿಟ್ಟಳು. ಅವತ್ತು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎನ್ನುವುದೂ ನನಗೆ ತಿಳಿಯಲಿಲ್ಲ.

ಕಾಳಣ್ಣನ ಹೆಸರು ಹೇಳಿದ್ದು ನಮ್ಮವರು. ಅಂತರಸಂತೆ ಕಡೆಯ ಹಾಡಿಯವರು, ಕಾಡಿನ ಜನ. ಹಿಂದೆ ಮಾವನವರ ಕಾಲದಲ್ಲಿ ವರ್ಷಾ ವರ್ಷಾ ಬ್ಯಾರನ್ ಬೆಂಕಿ ನೋಡಲು ಬರುತ್ತಿದ್ದರು. ಆಮೇಲೆ ಗಾರೆ ಕೆಲಸ ಕಲಿತು, ಹಳೇ ಮನೆಗಳ ಸುಣ್ಣದ ಕೆಲಸ ಎಂದರೆ ಎಚ್.ಡಿ. ಕೋಟೆಯಿಂದ ಹುಣಸೂರಿನ ತನಕ ಅವರನ್ನೇ ಹುಡುಕುತ್ತಿದ್ದರು. ಹೇಳಿ ಕಳಿಸಿದ ನಾಲ್ಕನೇ ದಿನ ಕೈಚೀಲ ಹಿಡಿದು ಬಂದರು. ತಲೆ ಪೂರ್ತಿ ನರೆತಿತ್ತು. ಕೋಣೆಯ ಬಾಗಿಲಲ್ಲೇ ನಿಂತರು. ಬನ್ನಿ ಎಂದೆ. ಒಳಗೆ ಬಂದು ಗೋಡೆಯನ್ನು ಮೇಲಿನಿಂದ ಕೆಳತನಕ ನೋಡಿ ನಕ್ಕರು.

"ಈ ಗೋಡೆ ಆಚೆ ಕಡೆಯಿಂದ ಗೊತ್ತು ಕಣವ್ವ ನಂಗೆ. ಎಂಟು ಮಳೆಗಾಲ ಇದಕ್ಕೆ ಬೆಂಕಿ ಕಾಯಿಸಿದೀನಿ. ಈಚೆ ಕಡೆಯಿಂದ ಇವತ್ತೇ ನೋಡ್ತಿರೋದು."

ನಾವು ಬೆನ್ನು ಕಾಯಿಸಿಕೊಂಡು ಕೂತಿದ್ದ ಕಾವು ಆ ಕಡೆ ಯಾರೋ ಒಬ್ಬರು ಸೌದೆ ಹೊತ್ತು ಹಾಕಿದ್ದು ಎಂದು ಅಷ್ಟು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಅವರು ಆಗೆಲ್ಲ ಹಿತ್ತಲಲ್ಲೇ ಉಂಡು ಹಿತ್ತಲಿಂದಲೇ ಹೋಗುತ್ತಿದ್ದರಂತೆ. ನನಗೆ ನಾಚಿಕೆಯಾಯಿತು. ಅವತ್ತು ಮಧ್ಯಾಹ್ನ ಮುದ್ದೆ, ಹುರುಳಿ ಸಾರು ಅದೇ ಕೋಣೆಯಲ್ಲಿ ಬಡಿಸಿದೆ, ನಾನು, ನಮ್ಮವರು ಇಬ್ಬರೂ ಅವರ ಜೊತೆಗೆ ಕೂತು ಉಂಡೆವು.

ಕಾಳಣ್ಣ ಡಾಕ್ಟರಿಗಿಂತ ನಿಧಾನ. ಮೊದಲು ಅಟ್ಟ ಹತ್ತಿ ಹೆಂಚು ನೋಡಿದರು. ಗೋಡೆಯ ತಲೆ ಒಣಗಿಯೇ ಇದೆ, ಹಾಗಾಗಿ ಸೋರಿಕೆ ಮೇಲಿನದಲ್ಲ ಎಂದರು. ನಲ್ಲಿಯ ಪೈಪು ಆ ಗೋಡೆಯಲ್ಲಿ ಇರಲೇ ಇಲ್ಲ, ಆ ಅನುಮಾನವೂ ಹೋಯಿತು. ಆಮೇಲೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕಿನಿಂದ ತಟ್ಟೆಯಗಲದ ತುಂಡು ಕತ್ತರಿಸಿ, ಬಣ್ಣ ಉದುರಿದ್ದ ಜಾಗದಲ್ಲಿ ಗೋಡೆಗಿಟ್ಟು, ಅಂಚಿಗೆಲ್ಲ ಅಂಟುಪಟ್ಟಿ ಹಚ್ಚಿದರು. "ಎರಡು ದಿನ ಬುಡಿ" ಎಂದು ಹೊರಟೇ ಹೋದರು. ಎರಡು ದಿನ ನಾನು ಗಳಿಗೆಗೊಮ್ಮೆ ಹೋಗಿ ಅದರ ಮುಂದೆ ನಿಂತೆ. ಕಾಳಣ್ಣ ಬಂದು ಕಿತ್ತು ನೋಡಿದಾಗ ಕೋಣೆಯ ಕಡೆಯ ಮೈ ಒಣಗಿತ್ತು, ಗೋಡೆಯ ಕಡೆಯ ಮೈಯಲ್ಲಿ ಬೆವರಿನ ಹಾಗೆ ಹನಿ. "ನೋಡ್ರವ್ವ, ತೇವ ಗಾಳೀದಲ್ಲ. ಗೋಡೆ ಒಳಗಿಂದಲೇ ಬತ್ತಾ ಅದೆ" ಎಂದರು.

ಎಲ್ಲಿಂದ ಎನ್ನುವುದನ್ನು ಹಿತ್ತಲಲ್ಲಿ ತೋರಿಸಿದರು. ಬ್ಯಾರನ್ನಿನ ಒಲೆಯ ಬಾಯಿ ಹೊರಗೆ, ಮನೆಯ ಗೋಡೆ ಕೂಡುವ ಮೂಲೆಯಲ್ಲಿ. ಮೂರು ದಶಕದ ಬೂದಿಯನ್ನು ಎಲ್ಲರೂ ಅದೇ ಮೂಲೆಗೆ ಎಳೆದು ಹಾಕಿದ್ದರು. ಅದರ ಮೇಲೆ ಹುಲ್ಲು ಬೆಳೆದು, ಅದು ಬೂದಿ ಗುಡ್ಡೆ ಎನ್ನುವುದೇ ನಮಗೆ ಮರೆತುಹೋಗಿತ್ತು. ಕೋಣೆಯ ನೆಲಕ್ಕಿಂತ ಮೊಣಕಾಲೆತ್ತರ ಮೇಲಿತ್ತು ಅದು. ಮನೆಯ ಹೆಂಚಿನ ನೀರು, ಬ್ಯಾರನ್ನಿನ ಶೀಟಿನ ನೀರು ಎರಡೂ ನೇರ ಅದರ ಮೇಲೆ. ಇನ್ನು ಬ್ಯಾರನ್ ಒಳಗೆ ಗೋಡೆಗೆ ಒತ್ತಿಟ್ಟ ಗೊಬ್ಬರದ ಚೀಲಗಳು ತಮ್ಮ ಉಪ್ಪನ್ನು ಇಟ್ಟಿಗೆಗೆ ಉಣಿಸುತ್ತಿದ್ದವು.

"ಹಂಗಾರೆ ಅಪ್ಪನ ಕಾಲ್ದಲ್ಲಿ ಯಾಕೆ ತೇವ ಇರ್ನಿಲ್ಲ?" ನಮ್ಮವರು ಕೇಳಿದರು.

"ಇತ್ತು ಮಾದೇವಣ್ಣ. ಆಗ್ಲೂ ಕುಡೀತಿತ್ತು. ಮಳೆ ಸುರಿಯೋ ಮೂರು ತಿಂಗ್ಳೂ ಬೆನ್ನಿಗೆ ಬೆಂಕಿ ಇತ್ತಲ್ಲ, ಕುಡ್ದಿದ್ದು ಕುಡ್ದಂಗೆ ಆರೋಗದು. ನೀವು ಬೆಂಕಿ ನಿಲ್ಸಿದ್ರಿ. ಅದ್ರ ಮೇಲೆ ಸಿಮೆಂಟಾಕಿ ಉಸಿರೂ ಕಟ್ಟುದ್ರಿ."

ನಮ್ಮವರು ಹಾರೆ ತಂದು ಬೂದಿ ಅಗೆಯಲು ಶುರು ಮಾಡಿದರು.

ಆ ಶ್ರಾವಣ ಪೂರ್ತಿ ನಮ್ಮ ಮನೆ ಮನೆಯಾಗಿರಲಿಲ್ಲ. ಬೂದಿಯೇ ಹದಿನಾಲ್ಕು ಗಾಡಿ ಹೋಯಿತು. ಅಡಿಪಾಯದ ಕಲ್ಲು ಕಾಣುವ ತನಕ ಅಗೆದು, ನೀರು ಹಿತ್ತಲಾಚೆ ಹರಿಯುವಂತೆ ಕಾಲುವೆ ತೆಗೆದು ಜಲ್ಲಿ ತುಂಬಿದರು. ಎರಡೂ ಸೂರಿಗೆ ಮಳೆನೀರು ಹಿಡಿಯುವ ತಗಡಿನ ದೋಣಿ ಕಟ್ಟಿದರು. ಒಳಗೆ ಭುಜದ ಮೇಲೂ ಒಂದಡಿಯ ತನಕ ಸಿಮೆಂಟು, ಹಳೇ ಗಾರೆ ಎರಡನ್ನೂ ಕೆತ್ತಿದರು. ಕಿತ್ತ ಸಿಮೆಂಟಿನ ಹಿಂದೆ ಇಟ್ಟಿಗೆ ಹಲ್ವದ ಹಾಗೆ ಮೆತ್ತಗಾಗಿತ್ತು. ಅಂಥವನ್ನು ಒಂದೊಂದೇ ಬಿಡಿಸಿ ಹೊಸದು ಕೂರಿಸಿದರು. ಉಪ್ಪನ್ನು ನಾನು ಒಣ ಬ್ರಷ್ಷಿನಲ್ಲಿ ದಿನಾ ಉಜ್ಜುತ್ತಿದ್ದೆ, ಮಾರನೇ ದಿನ ಮತ್ತೆ ಬಿಳಿ ಮೀಸೆ. ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಕೊತಕೊತ ಕುದ್ದು, ಅರಳಿ, ಬೆಣ್ಣೆಯಾಯಿತು. ಅದಕ್ಕೆ ಮರಳು ಕಲಸಿ ಕಾಳಣ್ಣ ತೆಳ್ಳಗೆ ಗಾರೆ ಹಾಕಿದರು. ಹೋಗುವಾಗ ನನಗೆ ಒಂದೇ ಮಾತು ಹೇಳಿದರು. "ಅವ್ವ, ಇದ್ರ ಮೇಲೆ ಏನೂ ಬಳೀಬ್ಯಾಡಿ. ಕಿಟಕಿ ತಗ್ದಿಟ್ಟು ಸುಮ್ನೆ ಇದ್ಬುಡಿ. ಅದರ ಪಾಡಿಗೆ ಅದು ಆರ್ತದೆ."

ಸುಮ್ಮನೆ ಇರುವುದು ನನ್ನ ಜಾಯಮಾನದಲ್ಲೇ ಇಲ್ಲ. ಗೌರಿ ಹಬ್ಬ ಬಂತು. ಬಾಗಿನ ತೆಗೆದುಕೊಂಡು ಚುಂಚನಕಟ್ಟೆ ಕಡೆಗೆ ಹೋದೆ. ಪುಟ್ಟಿಯ ಹೊಟ್ಟೆ ಮುಂದೆ ಬಂದಿತ್ತು, ಮುಖ ಇಳಿದಿತ್ತು. ಅವಳು ಮೊರ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಸಾಕಮ್ಮನವರು ಒಬ್ಬಟ್ಟು ಬಡಿಸುತ್ತ ಕೇಳಿದರು, "ಗೋಡೆ ಎಂಗದೆ?"

"ಒಣಗ್ತು ಅಮ್ಮ. ಪೂರ್ತಿ ಒಣಗ್ತು" ಎಂದುಬಿಟ್ಟೆ.

ಒಣಗಿರಲಿಲ್ಲ. ಮಳೆ ಬಿಟ್ಟರಲ್ಲವೇ ಒಣಗುವುದು? ಸೊಂಟದ ಕೆಳಗೆ ಇನ್ನೂ ಕಡುಬಣ್ಣ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಒಂದೇ ಯೋಚನೆ, ಸಾಕಮ್ಮನವರು ಬಂದು ಅಂಗೈ ಇಟ್ಟರೆ? ಮನೆಗೆ ಬಂದವಳೇ ಅಟ್ಟದ ಮೇಲಿದ್ದ ಅರ್ಧ ಡಬ್ಬಿ ಹಸಿರು ಬಣ್ಣ ಇಳಿಸಿ, ನಮ್ಮವರು ಹೊಲದಿಂದ ಬರುವುದರೊಳಗೆ ಗೋಡೆಗೆ ಬಳಿದುಬಿಟ್ಟೆ. ಎಷ್ಟು ಚೆನ್ನಾಗಿ ಕಂಡಿತೆಂದರೆ, ನಾನೇ ನನ್ನ ಸುಳ್ಳನ್ನು ನಂಬಿದೆ. ನಮ್ಮವರು ನೋಡಿ ಹುಬ್ಬೇರಿಸಿದರು, ಅಷ್ಟೇ. ವಾರ ಕಳೆಯುವುದರೊಳಗೆ ಗೋಡೆಯ ತುಂಬ ಹಪ್ಪಳದ ಹಾಗೆ ಗುಳ್ಳೆ. ಒಂದನ್ನು ಬೆರಳಿನಿಂದ ಒತ್ತಿದೆ. ಒಡೆದು ನೀರು ಮೊಣಕೈ ತನಕ ಇಳಿಯಿತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಸುದ್ದಿ ತಿಳಿದು ಬಂದ ಕಾಳಣ್ಣ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಮೊಂಡು ಚಾಕು ತೆಗೆದು ಬಣ್ಣ ಹೆರೆಯುತ್ತ ಕೂತರು, ನಾನೂ ಪಕ್ಕದಲ್ಲಿ ಕೂತು ಹೆರೆದೆ.

"ಎಷ್ಟು ದಿನ ಅದೆ ಅವ್ವ?"

"ಒಂಬತ್ತು ತುಂಬಕ್ಕೆ ಹದಿನೈದು ದಿನ."

"ಹದಿನೈದು ದಿನಕ್ಕೆ ಈ ಮಳೇಲಿ ಆರಕಿಲ್ಲ." ಸ್ವಲ್ಪ ಹೊತ್ತು ಹೆರೆದು, ಬಾಗಿಲ ಹತ್ತಿರ ಕೂತಿದ್ದ ನಮ್ಮವರ ಕಡೆ ನೋಡದೆಯೇ ಹೇಳಿದರು, "ಬೆಂಕಿ ಹಾಕ್ಬೇಕು ಮಾದೇವಣ್ಣ."

ನಮ್ಮವರು ಎದ್ದು ಹೋದರು. ಅವರು ಹೊಲಕ್ಕೆ ಹೋದರು ಎಂದುಕೊಂಡೆ. ಆ ಬ್ಯಾರನ್ನಿನ ಮುಂದೆ ನಿಂತರೆ ಅವರಿಗೆ ಅವ್ವ ಹೋದ ದಿನವೇ ಕಾಣುತ್ತಿತ್ತು, ಗೊಬ್ಬರದ ಚೀಲ ತರಲೂ ನನ್ನನ್ನೇ ಕಳಿಸುತ್ತಿದ್ದರು. ಬೇಡಿ ಎಂದು ಹೇಳಲು ಹೊರಗೆ ಹೋದರೆ, ಅವರು ಆಗಲೇ ಚೀಲಗಳನ್ನು ಹೆಗಲ ಮೇಲೆ ಹೊತ್ತು ಹೊರಗೆ ಹಾಕುತ್ತಿದ್ದರು. ಬೆನ್ನ ಮೇಲೆಲ್ಲ ಬಿಳಿ ಪುಡಿ. ಒಲೆಯ ಬಾಯಿಯ ಕಲ್ಲು ಸರಿಸಿ, ಒಳಗೆ ಕಾವು ಹಾಯುವ ಕೊಳವೆಗಳನ್ನು ತಟ್ಟಿ ನೋಡಿ, "ಅರಿಶಿನ ಕುಂಕುಮ ತತ್ತಾ. ಅವ್ವ ಇಡ್ದೆ ಹಚ್ತಿರ್ನಿಲ್ಲ" ಎಂದರು. ನಾನು ಒಲೆಯ ಬಾಯಿಗೆ ಅರಿಶಿನ ಕುಂಕುಮ ಇಟ್ಟೆ. ಅವರು ಕಡ್ಡಿ ಗೀರಿದರು.

ಕಾಳಣ್ಣನ ಕಟ್ಟಪ್ಪಣೆ: ಬೆಳಗಿನಿಂದ ಸಂಜೆ ತನಕ ಮಾತ್ರ, ಒಂದು ಸಲಕ್ಕೆ ಒಂದೇ ಕೊರಡು. ಸೊಪ್ಪು ಬೇಯಿಸುವ ಕಾವು ಕೊಟ್ಟರೆ ಗೋಡೆ ಬಿರಿಯುತ್ತದೆ. ಕೋಣೆಯ ಕಿಟಕಿ ಸದಾ ತೆಗೆದಿರಬೇಕು, "ಇಲ್ದಿದ್ರೆ ಕೋಣೆ ಇಡ್ಲಿ ಪಾತ್ರೆ ಆಯ್ತದೆ." ಮೊದಲ ಎರಡು ದಿನ ಗೋಡೆ ಇನ್ನೂ ಒದ್ದೆಯಾದಂತೆ ಕಂಡಿತು, ಒಳಗಿನದೆಲ್ಲ ಹೊರಗೆ ಬರುತ್ತಿದೆ ಎಂದರು. ಮೂರನೇ ದಿನ ಎದೆಮಟ್ಟದಲ್ಲಿ ಬಿಳುಪು. ಬೀದಿಯಲ್ಲಿ ಹೋಗುವವರು ನಿಂತು, "ಏನ್ಲಾ ಮಾದೇವ, ಸೊಪ್ಪೇ ಹಾಕಿಲ್ವಲ್ಲ, ಏನ್ ಬೇಯಿಸ್ತಿದ್ದೀಯ?" ಎಂದು ನಗುತ್ತಿದ್ದರು. ನಮ್ಮವರು ತಲೆ ಎತ್ತದೆ ಕೊರಡು ದೂಡುತ್ತಿದ್ದರು.

ಹತ್ತನೇ ದಿನ, ಇವತ್ತು ಸಂಜೆಗೆ ಬೆಂಕಿ ಸಾಕು, ಇನ್ನು ಗಾಳಿಗೆ ಬಿಡಿ ಎಂದು ಹೇಳಿ ಕಾಳಣ್ಣ ಊರಿಗೆ ಹೊರಟರು. ಅದೇ ಮಧ್ಯಾಹ್ನ ಮನೆ ಮುಂದೆ ಆಟೋ ನಿಂತಿತು. ಹೇಳದೆ ಕೇಳದೆ, ನಾಲ್ಕು ದಿನ ಮುಂಚೆ, ಸಾಕಮ್ಮನವರು, ಪುಟ್ಟಿ. ನಾನು ಕೈ ಒರೆಸಿಕೊಳ್ಳುತ್ತ ಓಡಿದೆ. ಸಾಕಮ್ಮನವರು ಹೊಗೆ ನೋಡಿಕೊಂಡು ಮನೆಯೊಳಗೆ ಬಾರದೆ ಹಿತ್ತಲಿಗೇ ಹೋದರು. ಮಸಿ ಮೆತ್ತಿದ ಮುಖದಲ್ಲಿ ಒಲೆಯ ಮುಂದೆ ಕೂತಿದ್ದ ನಮ್ಮವರು ಗಾಬರಿಯಲ್ಲಿ ಎದ್ದು ನಿಂತರು. ಸಾಕಮ್ಮನವರು ಬ್ಯಾರನ್ನಿನ ಬಾಗಿಲು ತೆಗೆದು ಒಳಗೆ ನೋಡಿದರು. ಖಾಲಿ.

"ಸೊಪ್ಪೆಲ್ಲಪ್ಪ?"

"ಸೊಪ್ಪಿಗಲ್ಲ ಅಮ್ಮ. ಗೋಡೆಗೆ" ಎಂದರು ನಮ್ಮವರು.

ಅವರು ಕೋಣೆಗೆ ಬಂದರು. ಅಂಗೈ ಇಟ್ಟರು, ಎದೆಮಟ್ಟದಲ್ಲಿ, ಸೊಂಟದಲ್ಲಿ, ಮೊಣಕಾಲಿನಲ್ಲಿ. ಕೊನೆಗೆ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು ನೆಲದ ಹತ್ತಿರ ಮುಟ್ಟಿ ನೋಡಿದರು.

"ಇಲ್ಲಿನ್ನೂ ವಸಿ ತಣ್ಣಗದೆ."

"ಅದೆ ಅಮ್ಮ" ಎಂದೆ. "ಒಂದ್ ಗೇಣು ಇನ್ನೂ ಆರ್ಬೇಕು. ಹಬ್ಬದಲ್ಲಿ ನಾನು ನಿಮಗೆ ಸುಳ್ಳು ಹೇಳ್ದೆ. ಅವತ್ತು ಗೋಡೆ ಒಣಗೇ ಇರ್ಲಿಲ್ಲ."

ಅವರು ನನ್ನ ಕೈ ಹಿಡಿದು ಎದ್ದರು. ಹಿಡಿದ ಕೈಯನ್ನು ತಿರುಗಿಸಿ ನೋಡಿದರು. ಸುಣ್ಣ ತಿಂದು ಬೆರಳ ತುದಿಗಳು ಬಿರಿದಿದ್ದವು.

"ಅವತ್ತೇ ಗೊತ್ತಾಗಿತ್ತು ಬುಡು. ಒಣಗಿದ್ರೆ ನೀನು ಒಬ್ಬಟ್ಟು ಎರಡು ಬಡಿಸ್ಕೊಂಡು ತಿಂತಿದ್ದೆ" ಎಂದು, ಬಾಗಿಲ ಕಡೆ ತಿರುಗಿ ಆಟೋದವನಿಗೆ ಕೇಳುವಂತೆ ಕೂಗಿದರು. "ಬ್ಯಾಗು ಇಳ್ಸಪ್ಪ. ಮಂಚ ಗೋಡೆಯಿಂದ ಒಂದು ಮೊಳ ಈಚ್ಗೆ ಹಾಕ್ಕೊಳ್ಳಿ."

ಮಾತು ನಡೆಯುತ್ತಿದ್ದಾಗ ಪುಟ್ಟಿ ನಮ್ಮನ್ನು ದಾಟಿಕೊಂಡು ಒಳಗೆ ಬಂದಿದ್ದಳು. ಮಂಚದ ಕಡೆ ನೋಡಲೂ ಇಲ್ಲ. ಒಂದು ಕೈಯಲ್ಲಿ ಹೊಟ್ಟೆ ಹಿಡಿದು, ಇನ್ನೊಂದನ್ನು ನೆಲಕ್ಕೂರಿ ನಿಧಾನ ಕೂತಳು. ಕಾಲು ನೀಡಿದಳು. ಬೆನ್ನನ್ನು ಗೋಡೆಗೆ ಕೊಟ್ಟು, ತಲೆಯನ್ನೂ ಒರಗಿಸಿ, ಕಣ್ಣು ಮುಚ್ಚಿದಳು. ಅತ್ತೆ ಕೂರುತ್ತಿದ್ದ ಜಾಗ ಅದೇ. ಬಣ್ಣವಿಲ್ಲದ ಬರೀ ಗಾರೆ, ಅಲ್ಲಲ್ಲಿ ತೇಪೆ, ಕಾಳಣ್ಣನ ಬೆರಳ ಗುರುತು.

"ಅತ್ತಿಗೆ, ಬೆಚ್ಚಗದೆ" ಎಂದಳು. ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹಾಗೇ ಕೂತಲ್ಲೇ ನಿದ್ದೆ ಹೋದಳು.

ನಾನು ಹಿತ್ತಲಿಗೆ ಹೋದೆ. ಕಾಳಣ್ಣ ಹೇಳಿದ್ದ ಹೊತ್ತು ಆಗಿತ್ತು, ನಮ್ಮವರು ಕೆಂಡ ಎಳೆದು ಬೆಂಕಿ ಆರಿಸಲು ನೀರಿನ ಬಿಂದಿಗೆ ತಂದಿಟ್ಟಿದ್ದರು. ನಾನು ಬಿಂದಿಗೆಯನ್ನು ಆಚೆಗೆ ಸರಿಸಿದೆ.

"ಇನ್ನೊಂದು ಕೊರಡು ಹಾಕಿ" ಎಂದೆ.